ಸೊಲ್ಲಾಪುರದ ತಂತಿ ಬೇಲಿ

1930ರ ಮೇ 5ರ ನಸುಕಿನಲ್ಲಿ ದಾಂಡಿಯ ಹತ್ತಿರದ ಕರಾಡಿಯಲ್ಲಿ ಗಾಂಧೀಜಿಯನ್ನು ಹಿಡಿದೊಯ್ದರು. ಸುದ್ದಿ ಸೊಲ್ಲಾಪುರ ಮುಟ್ಟಿದ ಮೇಲೆ ಗಿರಣಿಗಳು ನಿಂತವು, ಪೇಠೆಗಳು ಬಾಗಿಲು ಹಾಕಿದವು. ದಿನವೂ ಮೆರವಣಿಗೆ, ದಿನವೂ ಸಭೆ. 8ರಂದು ಸಿಂದಿ ಮರ ಕಡಿಯಲು ಹೋದ ಜನರಿಗೂ ಪೊಲೀಸರಿಗೂ ತಿಕ್ಕಾಟ ಹತ್ತಿ ಗುಂಡು ಹಾರಿತು. ಶಂಕರ ಶಿವದಾರೆ ಎಂಬ ತರುಣ ನೆಲಕ್ಕೆ ಬಿದ್ದ. ರೊಚ್ಚಿಗೆದ್ದ ಗುಂಪು ಮಂಗಳವಾರ ಪೇಠೆಯ ಪೊಲೀಸ್ ಚೌಕಿಗೆ ನುಗ್ಗಿತು, ಪೊಲೀಸರು ಸತ್ತರು, ಕೋರ್ಟಿನ ಕಟ್ಟಡ ಹೊತ್ತಿ ಉರಿಯಿತು. ಮುಂದಿನ ಮೂರು ನಾಲ್ಕು ದಿನ ಊರಿನಲ್ಲಿ ಇಂಗ್ಲಿಷರ ಆಡಳಿತವೇ ಇರಲಿಲ್ಲ. ಕಾಂಗ್ರೆಸ್ಸಿನ ಸ್ವಯಂಸೇವಕರೇ ಚೌಕಗಳಲ್ಲಿ ನಿಂತು ಗಾಡಿ ಬಂಡಿ ನೋಡಿಕೊಂಡರು.

12ರಂದು ಫೌಜು ಬಂತು. ಮಾರ್ಷಲ್ ಲಾ ಜೂನ್ ತಿಂಗಳ ಕೊನೆಯವರೆಗೆ ನಡೆಯಿತು. ಗಾಂಧಿ ಟೋಪಿ ಹಾಕಿದವನಿಗೆ ಶಿಕ್ಷೆ, ಧ್ವಜ ಹಿಡಿದವನಿಗೆ ಶಿಕ್ಷೆ. ಚೌಕಿಯ ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಒಬ್ಬ ಲಿಂಗಾಯತ, ಒಬ್ಬ ಮುಸಲ್ಮಾನ, ಒಬ್ಬ ಮರಾಠ, ಒಬ್ಬ ಮಾರವಾಡಿ. ಊರಿನ ನಾಲ್ಕು ಪೇಠೆಗಳಿಂದ ಒಬ್ಬೊಬ್ಬರನ್ನು ಆರಿಸಿದಂತಿದೆ ಆ ಪಟ್ಟಿ. ಸಿದ್ಧರಾಮನ ಗಡ್ಡೆಯ ಜಾತ್ರೆಗೆ ನಂದಿಕೋಲು ಸಜ್ಜಾಗುವ ದಿನಗಳಲ್ಲೇ ಅವರ ಹುತಾತ್ಮ ದಿನವೂ ಬರುತ್ತದೆ. ಚಾರ್ ಹುತಾತ್ಮಾ ಚೌಕದ ಪುತ್ಥಳಿಗಳಿಗೆ ಆ ದಿನ ಹಾರ ಬೀಳುವುದು ತಪ್ಪಿಲ್ಲ.

ಏಳು ವಾರದ ಮಾರ್ಷಲ್ ಲಾವನ್ನು ಸೊಲ್ಲಾಪುರ ಹೀಗೆ ಜೋಪಾನವಾಗಿ ನೆನಪಿಟ್ಟುಕೊಂಡಿದೆ, ಅದು ಸರಿಯೇ. ಆದರೆ ಆ ಏಳು ವಾರಗಳಲ್ಲೂ, ಅದಕ್ಕೆ ಹಲವು ವರ್ಷ ಮೊದಲಿನಿಂದಲೂ, ಆಮೇಲೆ ಸುಮಾರು ಎರಡು ದಶಕವೂ, ಇದೇ ಊರಿನ ಅಂಚಿನಲ್ಲಿ ಇನ್ನೊಂದು ಕಾನೂನು ನಡೆದಿತ್ತು. ಅದರಡಿ ಇದ್ದವರು ಟೋಪಿ ಹಾಕಬೇಕಿರಲಿಲ್ಲ, ಸಿಂದಿ ಮರ ಕಡಿಯಬೇಕಿರಲಿಲ್ಲ. ಹುಟ್ಟಿದ್ದೇ ಸಾಕಾಗಿತ್ತು. ಅವರಿಗೆ ತಂತಿ ಬೇಲಿ, ಹೊತ್ತುಹೊತ್ತಿಗೆ ಹಾಜರಿ, ಹೊರಗೆ ಹೋಗಲು ಚೀಟಿ. ಪೊಲೀಸರ ಬಲಪ್ರಯೋಗ, ಪಕ್ಷಪಾತ ಎಂದು ಇವತ್ತು ನಾವು ಚರ್ಚೆ ಮಾಡುವಾಗ ಅಮೆರಿಕದ ಉದಾಹರಣೆ ಬಾಯಿಗೆ ಬೇಗ ಬರುತ್ತದೆ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್‌ನ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಕೊಂದಾಗ ನಮ್ಮ ಫೋನುಗಳಲ್ಲೂ ಆ ವಿಡಿಯೋ ಓಡಾಡಿತು. ಸೊಲ್ಲಾಪುರದ ಸೆಟಲ್‌ಮೆಂಟ್ ಎಂದರೆ ಏನು ಎಂದು ಕೇಳಿದರೆ ಅದೇ ಫೋನು ಹಿಡಿದವರಲ್ಲಿ ಎಷ್ಟು ಜನ ಹೇಳಿಯಾರು?

ಕಥೆ ಸ್ವಲ್ಪ ಹಿಂದಿನದು. ಸೊಲ್ಲಾಪುರದಿಂದ ಹೈದರಾಬಾದ್ ದಾರಿ ಹಿಡಿದರೆ ನಳದುರ್ಗ ಸಿಗುತ್ತದೆ, ಅಕ್ಕಲಕೋಟೆಗೆ ನೆರೆಯ ಊರು. ಸುರಪುರದ ಜನ ಇನ್ನೂ ನೆನೆಯುವ ಮೆಡೋಸ್ ಟೇಲರ್ 1850ರ ದಶಕದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ. ಅದಕ್ಕೆ ಮೊದಲೇ, 1839ರಲ್ಲಿ, ಅವನು ಥಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಒಂದು ಕಾದಂಬರಿ ಬರೆದಿದ್ದ. ಅದು ಇಂಗ್ಲೆಂಡಿನಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಹಿಂದೂಸ್ತಾನದ ದಾರಿಗಳಲ್ಲಿ ತಲೆತಲಾಂತರದಿಂದ ಕೊಲೆಯನ್ನೇ ಕಸುಬು ಮಾಡಿಕೊಂಡವರು ಓಡಾಡುತ್ತಾರೆ ಎಂಬ ಚಿತ್ರ ಓದುಗರ ತಲೆಯಲ್ಲಿ ಕೂತಿತು. ಟೇಲರ್ ಒಳ್ಳೆಯ ಮನುಷ್ಯನೇ, ಸುರಪುರದ ಬೇಡ ರಾಜಕುಮಾರನನ್ನು ಮಗನಂತೆ ಕಂಡವನು. ಆದರೆ ಪುಸ್ತಕ ಬರೆದವನ ಸ್ವಭಾವ ನೋಡಿಕೊಂಡು ಸುಮ್ಮನಿರುವುದಿಲ್ಲ, ಅದರ ದಾರಿ ಅದಕ್ಕೆ. 1836ರಲ್ಲೇ ಸರ್ಕಾರ ಥಗ್ಗರ ಗುಂಪಿಗೆ ಸೇರಿದ್ದೇ ಅಪರಾಧ ಎಂದು ಕಾನೂನು ಮಾಡಿಕೊಂಡಿತ್ತು. ಏನು ಮಾಡಿದ ಎಂದು ನೋಡುವ ಬದಲು ಯಾರವನು ಎಂದು ನೋಡಿ ಶಿಕ್ಷಿಸುವ ರೂಢಿಗೆ ಅಲ್ಲಿ ದಾರಿಯಾಯಿತು.

1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಹಾಗೆಯೇ ಕಳ್ಳನ ಮಗ ಕಳ್ಳ, ಇದು ಈ ದೇಶದ ಜಾತಿಪದ್ಧತಿ ಎಂಬುದು ಅದನ್ನು ತಂದವರ ವಾದ. ನಮ್ಮ ಜಾತಿಯ ಲೆಕ್ಕವನ್ನೇ ನಮ್ಮವರ ಮೇಲೆ ತಿರುಗಿಸಿದ್ದು ಅದರ ಜಾಣತನ, ಊರಿನ ದೊಡ್ಡವರು ಅದಕ್ಕೆ ತಕರಾರು ತೆಗೆಯದಿದ್ದುದಕ್ಕೆ ಕಾರಣವೂ ಅದೇ ಎಂದು ನನಗನ್ನಿಸುತ್ತದೆ. ಮೊದಲು ಉತ್ತರದ ಪ್ರಾಂತಗಳಿಗಷ್ಟೇ ಇದ್ದ ಕಾಯ್ದೆ 1911ರಲ್ಲಿ ಮುಂಬಯಿ, ಮದ್ರಾಸ್ ಪ್ರಾಂತಗಳಿಗೂ ಬಂತು. 1924ರಲ್ಲಿ ಎಲ್ಲವನ್ನೂ ಕೂಡಿಸಿ ಹೊಸದಾಗಿ ಹೊಲಿದರು.

ಕಾಯ್ದೆಯ ಒಳಗೆ ಏನಿತ್ತು ಎಂಬುದನ್ನು ಸಾವಧಾನವಾಗಿ ನೋಡಬೇಕು. ಸರ್ಕಾರ ಒಂದು ಜಾತಿಯನ್ನು ಅಪರಾಧಿ ಬುಡಕಟ್ಟು ಎಂದು ಗೆಜೆಟ್ಟಿನಲ್ಲಿ ಸಾರಿದರೆ ಮುಗಿಯಿತು. ಆ ಸಾರಣೆ ತಪ್ಪು ಎಂದು ಯಾವ ಕೋರ್ಟಿನಲ್ಲೂ ಕೇಳುವಂತಿಲ್ಲ. ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು. ಗೊತ್ತುಮಾಡಿದ ಹೊತ್ತಿಗೆ ಹಾಜರಿ ಹಾಕಬೇಕು, ಊರು ಬಿಡುವಾಗ ತಿಳಿಸಬೇಕು. ಗೆರೆ ದಾಟಿ ಸಿಕ್ಕರೆ ವಾರಂಟಿಲ್ಲದೆ ಹಿಡಿಯಬಹುದು. ಕಾಯ್ದೆ ಹೆಸರಿಸಿದ ಅಪರಾಧಗಳಿಗೆ, ಪಟ್ಟಿಯಲ್ಲಿದ್ದವನಿಗೆ ಎರಡನೆಯ ಸಲ ಏಳು ವರ್ಷ, ಮೂರನೆಯ ಸಲ ಜೀವಾವಧಿ ಕರಿನೀರು. ಕದಿಯಲು ಹೊರಟಿದ್ದಾನೆ ಎಂಬ ಅನುಮಾನ ಹುಟ್ಟುವ ಜಾಗದಲ್ಲಿ ಕಂಡರೂ ಸಾಕು, ಮೂರು ವರ್ಷದವರೆಗೆ ಜೈಲು. ಮಕ್ಕಳನ್ನು ತಾಯಿತಂದೆಯರಿಂದ ಬಿಡಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವೂ ಸರ್ಕಾರಕ್ಕಿತ್ತು. ಲಾಠಿಯ ಹೆಸರು ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಬೇಕಾಗಿಯೂ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿರುವವನನ್ನು ಹೊಡೆದರೆ ಕೇಳುವವರು ಯಾರು?

ಯಾರು ಈ ಜನ? ನಮ್ಮ ಭಾಗದಲ್ಲಿ ನೋಡುವುದಾದರೆ ಕೊರಮರು, ಮರಾಠಿಯಲ್ಲಿ ಅವರ ನೆಂಟರಾದ ಕೈಕಾಡಿಗಳು, ಪಾರಧಿಗಳು ಅಂದರೆ ಹರಣಶಿಕಾರಿಗಳು, ಭಾಮ್ಟಾ ಅಥವಾ ಟಕಾರಿಗಳು, ಕಂಜರಭಾಟರು, ವಿಜಾಪುರದ ಛಪ್ಪರಬಂದರು, ಧಾರವಾಡ ಗದಗ ಸೀಮೆಯ ಗಂಟಿಚೋರರು. ಇವರಲ್ಲಿ ಬಹಳ ಮಂದಿ ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದವರು, ಬುಟ್ಟಿ ಹೆಣೆಯುವವರು, ಬೀಸುಕಲ್ಲಿಗೆ ಕಚ್ಚು ಹಾಕುವವರು, ಬೇಟೆಯಾಡುವವರು. 1860ರ ಹೊತ್ತಿಗೆ ಸೊಲ್ಲಾಪುರಕ್ಕೆ ರೈಲು ಬಂತು, ಎತ್ತಿನ ಮೇಲಿನ ಉಪ್ಪಿಗೆ ಗಿರಾಕಿ ಇಲ್ಲವಾದರು. ಅರಣ್ಯ ಕಾಯ್ದೆ ಬಂತು, ಬಿದಿರು ಕಡಿದರೆ ಕಳವು, ಜಿಂಕೆ ಹೊಡೆದರೆ ಕಳವು. ಹೊಟ್ಟೆಗಿಲ್ಲದೆ ಕದ್ದವರು ಇರಲೇ ಇಲ್ಲವೆಂದು ನಾನು ಹೇಳುವುದಿಲ್ಲ, ಅವರ ಮಕ್ಕಳೇ ಬರೆದ ಆತ್ಮಕಥೆಗಳು ಅದನ್ನು ಮುಚ್ಚಿಡುವುದಿಲ್ಲ. ಕದ್ದವನ ಜೊತೆಗೆ ಕದಿಯದವನನ್ನೂ, ಇನ್ನೂ ತೊಟ್ಟಿಲಲ್ಲಿರುವ ಕೂಸನ್ನೂ ಒಂದೇ ದಫ್ತರಿನಲ್ಲಿ ಬರೆದದ್ದು ಈ ಕಾಯ್ದೆಯ ಕೆಲಸ.

1908ರಲ್ಲಿ ಮುಂಬಯಿ ಪ್ರಾಂತದ ಪೊಲೀಸ್ ಮುಖ್ಯಸ್ಥ ಮೈಕೆಲ್ ಕೆನಡಿ ಪ್ರಾಂತದ ಅಪರಾಧಿ ಜಾತಿಗಳ ಬಗ್ಗೆ ದೊಡ್ಡದೊಂದು ಕೈಪಿಡಿ ಪ್ರಕಟಿಸಿದ. ಜಾತಿಗೊಂದು ಅಧ್ಯಾಯ. ಅವರ ಉಡುಪು ಹೇಗೆ, ಯಾವ ಭಾಷೆ, ಎಲ್ಲಿ ಬಿಡಾರ ಹಾಕುತ್ತಾರೆ, ಯಾವ ಬಗೆಯ ಕಳವಿನಲ್ಲಿ ಕೈ ಪಳಗಿದೆ, ಕದ್ದ ಮಾಲು ಎಲ್ಲಿ ಹುಗಿಯುತ್ತಾರೆ. ಬೇಡರಿಗೂ ಅದರಲ್ಲಿ ಅಧ್ಯಾಯವಿದೆ. 1857ರಲ್ಲಿ ಹಲಗಲಿಯಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದು ಸತ್ತವರ ಕುಲ ಅದು. ನಮಗೆ ಲಾವಣಿಯ ವೀರರು, ಕೆನಡಿಯ ಪುಸ್ತಕದಲ್ಲಿ ಕಳ್ಳರ ಜಾತಿ. ಒಬ್ಬ ಫೌಜದಾರನ ಕಣ್ಣಿಗೆ ಸಂತೆಯ ಗದ್ದಲದಲ್ಲಿ ಯಾರು ಮೊದಲು ಬೀಳಬೇಕು ಎಂಬುದನ್ನು ಹೇಳಿಕೊಟ್ಟ ಪುಸ್ತಕ ಇದು. ಇವತ್ತು ಅಮೆರಿಕದಲ್ಲಿ ಚರ್ಮದ ಬಣ್ಣ ನೋಡಿ ಕಾರು ನಿಲ್ಲಿಸುವುದನ್ನು ಏನೆಂದು ಕರೆಯುತ್ತಾರೋ ಅದಕ್ಕೆ ನಮ್ಮಲ್ಲಿ ಸರ್ಕಾರಿ ಪಠ್ಯವೇ ಇತ್ತು.

ಇಷ್ಟೆಲ್ಲ ಕಾಗದದ ಮಾತಾಯಿತು. ಸೆಟಲ್‌ಮೆಂಟ್ ಹುಟ್ಟಿದ್ದು ನಮ್ಮ ವಿಜಾಪುರದಲ್ಲಿ. ಅಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಿದ್ದ ಓ.ಎಚ್.ಬಿ. ಸ್ಟಾರ್ಟ್ ಎಂಬ ತರುಣ ಐಸಿಎಸ್ ಅಧಿಕಾರಿ 1909-10ರ ಸುಮಾರಿಗೆ ಛಪ್ಪರಬಂದರು, ಗಂಟಿಚೋರರು, ಹರಣಶಿಕಾರಿಗಳನ್ನು ಒಂದೆಡೆ ಕೂಡಿಸಿ ಕೆಲಸಕ್ಕೆ ಹಚ್ಚುವ ಪ್ರಯೋಗ ಶುರುಮಾಡಿದ. ಮುಂದೆ ಇಡೀ ಪ್ರಾಂತದ ಸೆಟಲ್‌ಮೆಂಟುಗಳಿಗೆ ಅವನೇ ಅಧಿಕಾರಿ. ಹುಬ್ಬಳ್ಳಿ, ಗದಗ, ಬಾರಾಮತಿ ಹೀಗೆ ಒಂದೊಂದೇ ಎದ್ದವು. ಎಲ್ಲಕ್ಕಿಂತ ದೊಡ್ಡದು ಸೊಲ್ಲಾಪುರದ್ದು. ಅದನ್ನು ನಡೆಸುವ ಹೊಣೆಯನ್ನು ಅಮೆರಿಕನ್ ಮರಾಠಿ ಮಿಷನ್ನಿನ ಪಾದ್ರಿಗಳಿಗೆ ಕೊಟ್ಟರು. ಅವರು ಇಟ್ಟ ಹೆಸರು ಉಮೇದ್‌ಪುರ.

ಸೊಲ್ಲಾಪುರವೇ ಯಾಕೆ? ಗಿರಣಿ. 1870ರ ದಶಕದಲ್ಲಿ ಎದ್ದ ಜುನಿ ಗಿರಣಿ, ಆಮೇಲೆ ನರಸಿಂಗಗಿರಜಿ, ಲಕ್ಷ್ಮಿ, ವಿಷ್ಣು. ಅವುಗಳಿಗೆ ಕೈಗಳು ಬೇಕಿದ್ದವು. ಬರದ ವರ್ಷ ಹಳ್ಳಿಯಿಂದ ಓಡಿಬರುವ ರೈತ ಮಳೆ ಬಿದ್ದೊಡನೆ ಅಕ್ಕಲಕೋಟೆಗೋ ಇಂಡಿಗೋ ಹೊಲಕ್ಕೆ ವಾಪಸಾಗುತ್ತಿದ್ದ. ತಂತಿಯೊಳಗಿನವನು ಎಲ್ಲಿ ಹೋಗುತ್ತಾನೆ? ಕೆಲಸ ಬಿಟ್ಟರೆ ಅದು ಅಪರಾಧವಾಗಬಹುದು. ಪೊಲೀಸ್ ಇಲಾಖೆ, ಮಿಷನ್, ಗಿರಣಿ ಮಾಲೀಕ ಮೂವರಿಗೂ ಒಪ್ಪುವ ವ್ಯವಸ್ಥೆ. ಮಿಷನ್ನಿನವರು ಶಾಲೆ ನಡೆಸಿದರು, ಔಷಧಿ ಕೊಟ್ಟರು, ಹಲವರು ಮನಸ್ಸಿಟ್ಟು ದುಡಿದರು. ಅಲ್ಲಿ ಅಕ್ಷರ ಕಲಿತ ಮೊದಲ ತಲೆಮಾರಿನ ಋಣ ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಆ ಶಾಲೆಗೆ ಮಗು ಬಾರದಿದ್ದರೆ ತಂದೆಯ ಮೇಲೆ ಖಟ್ಲೆ ಹೂಡಬಹುದಾಗಿತ್ತು ಎಂಬುದನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡಬೇಕು.

ಅಲ್ಲಿನ ಒಂದು ದಿನವನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ಬೆಳಗಿನ ಜಾವ ಗಿರಣಿಯ ಭೋಂಗಾ ಕೂಗುವ ಮೊದಲು ಹಾಜರಿ. ಹೆಸರು ಕೂಗಿದೊಡನೆ ಗಂಡು, ಹೆಣ್ಣು, ಮುದುಕರು ಸಾಲಿನಲ್ಲಿ ನಿಂತು ಓಗೊಡಬೇಕು. ಗಿರಣಿಯ ಪಾಸು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟು ದಾಟಬೇಕು. ಪಾಳಿ ಮುಗಿದ ಮೇಲೆ ನೆಟ್ಟಗೆ ವಾಪಸು, ದಾರಿಯಲ್ಲಿ ನೆಂಟರ ಮನೆಗೆ ಹೊಕ್ಕು ಚಹಾ ಕುಡಿಯುವ ಹಾಗಿಲ್ಲ. ಸಂಜೆ ಮತ್ತೆ ಹಾಜರಿ. ರಾತ್ರಿಯೂ ಹೆಸರು ಕೂಗುವ ಪದ್ಧತಿ ಇತ್ತು, ಮಲಗಿದವರು ಎದ್ದು ಓಗೊಡಬೇಕು. ಮದುವೆಗೆ ಹೋಗಲು ಚೀಟಿ, ಸಾವಿಗೆ ಹೋಗಲು ಚೀಟಿ, ಚೀಟಿ ಕೈಗೆ ಬರುವಷ್ಟರಲ್ಲಿ ಮಣ್ಣು ಮುಗಿದಿದ್ದರೆ ಅದು ಅವರವರ ಹಣೆಬರಹ. ವರ್ಷಗಟ್ಟಲೆ ಒಳ್ಳೆಯ ನಡತೆ ತೋರಿದವರನ್ನು ತಂತಿಯ ಹೊರಗೆ ಕಟ್ಟಿದ ಸಾಲುಮನೆಗಳಿಗೆ ಕಳಿಸುತ್ತಿದ್ದರು. ಅದಕ್ಕೆ ಫ್ರೀ ಕಾಲನಿ ಎಂದು ಹೆಸರು. ಅಲ್ಲೂ ಕಣ್ಗಾವಲು ತಪ್ಪಿರಲಿಲ್ಲ. ಸೊಲ್ಲಾಪುರದ ಅಂಚೆ ವಿಳಾಸಗಳಲ್ಲಿ ‘ಸೆಟಲ್‌ಮೆಂಟ್ ಫ್ರೀ ಕಾಲನಿ’, ಮುಂದೊಂದು ನಂಬರು, ಇವತ್ತಿಗೂ ಉಳಿದುಕೊಂಡಿದೆ.

ಸೆಟಲ್‌ಮೆಂಟಿನ ಹೊರಗೆ ಹಳ್ಳಿಗಳಲ್ಲಿದ್ದವರ ಹಾಜರಿ ತೆಗೆದುಕೊಳ್ಳುತ್ತಿದ್ದವನು ಯಾರು? ಬಿಳಿಯ ಸಾಹೇಬನಲ್ಲ, ಊರಿನ ಪೊಲೀಸ್ ಪಾಟೀಲ, ನಮ್ಮ ಕಡೆಯ ಮಾತಿನಲ್ಲಿ ಗೌಡ. ಚಾವಡಿಯ ಮುಂದೆ ಕೈಕಟ್ಟಿ ನಿಲ್ಲಿಸಿಕೊಂಡು ಚೀಟಿ ಬರೆದುಕೊಡುವವನು ಅವನೇ. ಚೀಟಿಯ ಬೆಲೆ ಎಂದರೆ ಅವನ ಹೊಲದಲ್ಲಿ ಒಂದು ದಿನದ ಬಿಟ್ಟಿ ದುಡಿಮೆ, ಇಲ್ಲವೆ ಒಂದು ಕೋಳಿ. ಲಾತೂರಿನ ಲಕ್ಷ್ಮಣ ಗಾಯಕವಾಡ 1987ರಲ್ಲಿ ಬರೆದ ‘ಉಚಲ್ಯಾ’ದಲ್ಲಿ ಊರಿನ ಪಾಟೀಲನ ಮುಂದೆ ತಮ್ಮವರು ಹಾಜರಿ ಹಾಕುತ್ತಿದ್ದುದನ್ನು, ಪೊಲೀಸರು ನಡುರಾತ್ರಿ ಗುಡಿಸಲಿಗೆ ನುಗ್ಗುತ್ತಿದ್ದುದನ್ನು ಹೇಳುತ್ತಾರೆ. ಮರುವರ್ಷ ಆ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಓದಿದ ಯಾರಿಗೂ ‘ಬ್ರಿಟಿಷರ ದಬ್ಬಾಳಿಕೆ’ ಎಂಬ ಒಂದೇ ಮಾತಿನಲ್ಲಿ ಈ ಇತಿಹಾಸವನ್ನು ಮುಗಿಸಿಬಿಡಲು ಬಾಯಿ ಬರಲಿಕ್ಕಿಲ್ಲ. ಸೊಲ್ಲಾಪುರದ ಮಾರ್ಷಲ್ ಲಾದಲ್ಲಿ ಹೊಡೆದವರು ಹೊರಗಿನವರು, ಹೊಡೆಸಿಕೊಂಡವರು ಊರಿನವರು. ಸೆಟಲ್‌ಮೆಂಟಿನ ವಿಷಯದಲ್ಲಿ ಊರೂ ಸರ್ಕಾರದ ಕಡೆಗೇ ನಿಂತಿತ್ತು.

ಅಕ್ಕಲಕೋಟೆ ಆಗ ಭೋಸಲೆ ಮನೆತನದ ಸಂಸ್ಥಾನ, ತನ್ನದೇ ಪೊಲೀಸು, ತನ್ನದೇ ಕಚೇರಿ. ಅದರಾಚೆ ನಿಜಾಮನ ಮುಲುಕು. ಸೊಲ್ಲಾಪುರದಿಂದ ಒಂದು ಹಗಲು ನಡೆದರೆ ಇಂಗ್ಲಿಷರ ಕಾಯ್ದೆಯ ಗಡಿ ಮುಗಿಯುತ್ತಿತ್ತು. ತಲೆತಲಾಂತರದಿಂದ ಭೀಮಾ ದಂಡೆಯ ಈಚೆ ಆಚೆ ಓಡಾಡುತ್ತಿದ್ದ ಬಿಡಾರಗಳಿಗೆ ಈ ಗಡಿಗಳು ನಿನ್ನೆ ಮೊನ್ನೆಯವು, ಪೊಲೀಸರಿಗೆ ಮಾತ್ರ ಗಡಿ ದಾಟುವುದೇ ಪಲಾಯನ. ಹೀಗಾಗಿ ಕದ್ದದ್ದಕ್ಕಿಂತ ಹಾಜರಿ ತಪ್ಪಿಸಿದ್ದಕ್ಕೆ, ಚೀಟಿಯಿಲ್ಲದೆ ಸಿಕ್ಕದ್ದಕ್ಕೆ ಜೈಲು ಕಂಡವರು ಹುಟ್ಟಿಕೊಂಡರು. ಜೈಲು ಕಂಡವನ ಹೆಸರು ದಫ್ತರಿನಲ್ಲಿ ಇನ್ನಷ್ಟು ಕೆಂಪಾಗುತ್ತದೆ, ಅವನ ಜಾತಿ ಅಪರಾಧಿ ಜಾತಿ ಎಂಬುದಕ್ಕೆ ಅದೇ ಸಾಕ್ಷಿ. ಅಕ್ಕಲಕೋಟೆ ಸೊಲ್ಲಾಪುರ ಜಿಲ್ಲೆಗೆ ಸೇರಿದ್ದು 1948ರಲ್ಲಿ.

ಇದು ಹಿಂದೂಸ್ತಾನದ ಹುಚ್ಚು ಮಾತ್ರ ಆಗಿರಲಿಲ್ಲ. ನಮ್ಮ 1911ರ ಕಾಯ್ದೆಯ ಮರುವರ್ಷವೇ, 1912ರ ಜುಲೈಯಲ್ಲಿ, ಸ್ವಾತಂತ್ರ್ಯ ಸಮಾನತೆ ಸೋದರತೆ ಎಂದು ನಾಣ್ಯದ ಮೇಲೆ ಅಚ್ಚೊತ್ತಿಸುವ ಫ್ರಾನ್ಸ್ ದೇಶ ತನ್ನ ಅಲೆಮಾರಿಗಳಿಗಾಗಿ ಒಂದು ಕಾನೂನು ತಂದಿತು. ಅವರು ಮೈಯಳತೆ, ಬೆರಳಚ್ಚು, ಫೋಟೋ ಇರುವ ಪುಸ್ತಕವೊಂದನ್ನು ಸದಾ ಜೊತೆಗಿಟ್ಟುಕೊಂಡು, ಊರಿಗೆ ಬಂದಾಗ ಹೋದಾಗ ಅಧಿಕಾರಿಗಳ ಮೊಹರು ಹಾಕಿಸಿಕೊಳ್ಳಬೇಕಾಗಿತ್ತು. ಅದು ರದ್ದಾದದ್ದು 1969ರಲ್ಲಿ. ಬೆರಳಚ್ಚಿನ ವಿಂಗಡಣೆ ಪಳಗಿದ್ದು 1890ರ ದಶಕದ ಕಲಕತ್ತೆಯಲ್ಲಿ, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ದೇಶೀ ಪೊಲೀಸ್ ಅಧಿಕಾರಿಗಳ ದುಡಿಮೆಯಿಂದ. ಹೆಸರು ಮಾತ್ರ ಅವರ ಸಾಹೇಬ ಹೆನ್ರಿಯದಾಯಿತು. ವಿಜ್ಞಾನವನ್ನು ಕಲಕತ್ತೆ ಲಂಡನ್ನಿಗೆ ಕಲಿಸಿತು, ಲಂಡನ್ನಿನಲ್ಲಿ ಅಪರಾಧ ಮಾಡಿದವನ ಬೆರಳಿಗೆ ಮಸಿ ಹಚ್ಚಿದರು, ಇಲ್ಲಿ ಹುಟ್ಟಿದವನ ಬೆರಳಿಗೆ.

ಸ್ಟಾರ್ಟ್‌ನ ಬಗ್ಗೆ ಇನ್ನೊಂದು ಮಾತು ಹೇಳದೆ ಹೋದರೆ ಅನ್ಯಾಯವಾದೀತು. 1928ರಲ್ಲಿ ಮುಂಬಯಿ ಸರ್ಕಾರ ದಲಿತರು ಮತ್ತು ಬುಡಕಟ್ಟುಗಳ ಸ್ಥಿತಿಗತಿ ನೋಡಲು ಮಾಡಿದ ಸಮಿತಿಗೆ ಅವನೇ ಅಧ್ಯಕ್ಷ. ಡಾ. ಅಂಬೇಡ್ಕರ್, ಠಕ್ಕರ್ ಬಾಪಾ ಅದರ ಸದಸ್ಯರು. 1930ರಲ್ಲಿ ಬಂದ ಅದರ ವರದಿ ಶಾಲೆ, ಬಾವಿ, ನೌಕರಿಗಳಲ್ಲಿ ಅಸ್ಪೃಶ್ಯರಿಗಾಗುವ ಅನ್ಯಾಯವನ್ನು ಬಿಡಿಸಿ ಹೇಳಿತು. ಪೊಲೀಸ್ ಇಲಾಖೆಗೆ ದಲಿತರನ್ನು ಸೇರಿಸಿಕೊಳ್ಳಬೇಕೆಂಬ ಮಾತೂ ಆ ದಿನಗಳ ಬೇಡಿಕೆಗಳಲ್ಲಿತ್ತು. ಒಂದೇ ತಲೆಯಲ್ಲಿ ಅಸ್ಪೃಶ್ಯನಿಗೆ ಹಕ್ಕು, ಕೈಕಾಡಿಗೆ ತಂತಿ ಬೇಲಿ. ಅವನಿಗೆ ಇದರಲ್ಲಿ ವಿರೋಧ ಕಂಡಿರಲಿಕ್ಕಿಲ್ಲ. ದಯೆಯುಳ್ಳ ಅಧಿಕಾರಿಗಳು ಬೇಲಿ ಕಟ್ಟಿದಾಗ ಅದು ಹೆಚ್ಚು ವರ್ಷ ಬಾಳುತ್ತದೆ.

1936ರಲ್ಲಿ ನೆಲ್ಲೂರಿನಲ್ಲಿ ಮಾತಾಡುತ್ತ ನೆಹರೂ ಈ ಕಾಯ್ದೆ ರಾಕ್ಷಸೀ ಸ್ವಭಾವದ್ದು, ಇದನ್ನು ಪುಸ್ತಕದಿಂದಲೇ ಕಿತ್ತುಹಾಕಬೇಕು, ಯಾವ ಜಾತಿಯನ್ನೂ ಅಪರಾಧಿ ಎಂದು ಕರೆಯಲಾಗದು ಎಂಬರ್ಥದ ಮಾತು ಹೇಳಿದರು. ಮರುವರ್ಷ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ಸಿನದೇ ಮಂತ್ರಿಮಂಡಲ ಬಂತು. ಬೇಲಿ ಹೋಗಲಿಲ್ಲ. ಕೆ.ಎಂ. ಮುನ್ಷಿಯವರ ಸಮಿತಿ ಕೂತಿತು, ಸಡಿಲಿಕೆಯ ಮಾತಾಡಿತು. 1947ರಲ್ಲಿ ಸ್ವಾತಂತ್ರ್ಯ ಬಂತು. ಮದ್ರಾಸ್ ಆ ವರ್ಷವೇ, ಮುಂಬಯಿ 1949ರಲ್ಲಿ ತಂತಮ್ಮ ಪ್ರಾಂತಗಳಲ್ಲಿ ಕಾಯ್ದೆ ಕೈಬಿಟ್ಟವು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ ಇಡೀ ದೇಶದಲ್ಲಿ ಅದು ರದ್ದಾದದ್ದು 1952ರ ಆಗಸ್ಟ್ 31ರಂದು. ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ, ನಮಗೆ ಸ್ವಾತಂತ್ರ್ಯ ಬಂದದ್ದು ಐದು ವರ್ಷ ಹದಿನಾರು ದಿನ ತಡವಾಗಿ ಎಂದು ಹೇಳಿಕೊಳ್ಳುತ್ತವೆ. 1960ರಲ್ಲಿ ಪ್ರಧಾನಿ ನೆಹರೂ ಸೊಲ್ಲಾಪುರಕ್ಕೆ ಬಂದು ಸೆಟಲ್‌ಮೆಂಟಿನ ತಂತಿಯನ್ನು ಕತ್ತರಿಸಿ ಇನ್ನು ನೀವು ವಿಮುಕ್ತರು ಎಂದರು ಎಂಬುದು ಅಲ್ಲಿಯವರು ಮಕ್ಕಳಿಗೆ ಹೇಳುತ್ತ ಬಂದ ಕಥೆ.

ಕಾಯ್ದೆ ಹೋದ ಜಾಗಕ್ಕೆ ಇನ್ನೊಂದು ಬಂತು. ರೂಢಿಗತ ಅಪರಾಧಿಗಳ ಕಾಯ್ದೆ, ಮುಂಬಯಿಯಲ್ಲಿ 1959ರದ್ದು, ಕರ್ನಾಟಕದಲ್ಲಿ 1961ರದ್ದು. ಇದರಲ್ಲಿ ಜಾತಿಯ ಹೆಸರಿಲ್ಲ. ಮತ್ತೆ ಮತ್ತೆ ಶಿಕ್ಷೆಯಾದವನು ಹೆಸರು ಬರೆಸಬೇಕು, ಓಡಾಟ ತಿಳಿಸಬೇಕು ಎಂಬಷ್ಟೇ. ನೋಡಲು ನ್ಯಾಯವಾಗಿಯೇ ಇದೆ. ಆದರೆ ಮತ್ತೆ ಮತ್ತೆ ಶಿಕ್ಷೆಯಾದವರ ಹಳೆಯ ಕಡತ ಯಾರ ಹೆಸರಿನಿಂದ ತುಂಬಿತ್ತು ಎಂದು ಠಾಣೆಯ ಹವಾಲ್ದಾರನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಉತ್ಸವವಿರಲಿ, ಪಂಢರಪುರದ ಏಕಾದಶಿಯಿರಲಿ, ಜನಜಂಗುಳಿಯಲ್ಲಿ ಸರ ಹೋಯಿತು, ಪಾಕೀಟು ಹೋಯಿತು ಎಂದರೆ ಪೊಲೀಸ್ ಜೀಪು ಊರ ಹೊರಗಿನ ಪಾರಧಿ ಗುಡಾರಗಳ ಮುಂದೆ ನಿಲ್ಲುವುದು ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಗಂಡಸರು ಸಿಗದಿದ್ದರೆ ಹೆಂಗಸರನ್ನು ಕೂಡಿಸಿಡುತ್ತಾರೆ, ಅವರು ಬಂದು ಶರಣಾಗಲಿ ಎಂದು. ಇದು ದೂರಲ್ಲ, ಆಯೋಗಗಳ ಮುಂದೆ ಹತ್ತಾರು ಸಲ ದಾಖಲಾದ ಸಾಕ್ಷಿ.

1998ರ ಫೆಬ್ರುವರಿಯಲ್ಲಿ ಬಂಗಾಳದ ಪುರುಲಿಯಾದಲ್ಲಿ ಬುಧನ್ ಸಬರ್ ಎಂಬವನು ಪೊಲೀಸ್ ವಶದಲ್ಲಿ ಸತ್ತ. ಅದೇ ವರ್ಷ ಜೂನ್‌ನಲ್ಲಿ ಬಾರಾಮತಿಯಲ್ಲಿ, ಹಳೆಯ ಸೆಟಲ್‌ಮೆಂಟಿನ ಊರಿನಲ್ಲೇ, ಪಾರಧಿ ಕುಲದ ಒಬ್ಬ ಪೊಲೀಸರ ಹೊಡೆತಕ್ಕೆ ಸತ್ತ. ಮಹಾಶ್ವೇತಾ ದೇವಿ, ಗಣೇಶ ದೇವಿ, ಲಕ್ಷ್ಮಣ ಗಾಯಕವಾಡ ಕೂಡಿ ವಿಮುಕ್ತರ ಹಕ್ಕಿನ ಸಂಘಟನೆ ಕಟ್ಟಿದ್ದು ಆ ವರ್ಷವೇ. ಎರಡೂ ಪ್ರಕರಣಗಳು ಹೈಕೋರ್ಟು ಮುಟ್ಟಿದವು, ಕುಟುಂಬಗಳಿಗೆ ಪರಿಹಾರ ಕೊಡಿ ಎಂದು ಆದೇಶವಾಯಿತು. 2024ರ ಡಿಸೆಂಬರ್‌ನಲ್ಲಿ ಪರಭಣಿಯಲ್ಲಿ ಸಂವಿಧಾನದ 
ಪ್ರತಿಕೃತಿಗೆ ಹಾನಿಯಾದ ಮೇಲೆ ಎದ್ದ ಗಲಾಟೆಯಲ್ಲಿ ಬಂಧಿತನಾದ ವಡ್ಡರ ಸಮುದಾಯದ ಕಾನೂನು ವಿದ್ಯಾರ್ಥಿಯೊಬ್ಬ ನ್ಯಾಯಾಂಗ ಬಂಧನದಲ್ಲಿ ಸತ್ತ. ಪೊಲೀಸರ ಮೇಲೆ ಮೊಕದ್ದಮೆ ದಾಖಲಿಸಬೇಕೆಂದು ಹೈಕೋರ್ಟಿನ ಔರಂಗಾಬಾದ್ ಪೀಠ 2025ರ ಜುಲೈಯಲ್ಲಿ ಹೇಳಬೇಕಾಯಿತು, ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 2019ರ ಮಾರ್ಚ್ 5ರ ಸುಪ್ರೀಂ ಕೋರ್ಟ್ ತೀರ್ಪು. ಅದರಲ್ಲಿ ಲಾಠಿಯಿಲ್ಲ, ಕಾಗದ ಮಾತ್ರ ಇದೆ. 2003ರಲ್ಲಿ ಜಾಲನಾ ಜಿಲ್ಲೆಯಲ್ಲಿ ಒಂದು ಮನೆಗೆ ನುಗ್ಗಿದ ದರೋಡೆಕೋರರು ಕೊಲೆ, ಅತ್ಯಾಚಾರ ಮಾಡಿದರು. ಬದುಕುಳಿದ ತಾಯಿಗೆ ಪೊಲೀಸರು ಹಳೆಯ ಅಪರಾಧಿಗಳ ಫೋಟೋ ತೋರಿಸಿದರು, ಆಕೆ ನಾಲ್ವರನ್ನು ಗುರುತಿಸಿದರು. ಆ ನಾಲ್ವರನ್ನು ಪೊಲೀಸರು ಹಿಡಿಯಲೇ ಇಲ್ಲ. ಹಿಡಿದದ್ದು ಬೇರೆ ಆರು ಜನರನ್ನು, ಎಲ್ಲರೂ ಅಲೆಮಾರಿ ಬುಡಕಟ್ಟಿನವರು. ಆ ಆರು ಮಂದಿಗೂ ಮರಣದಂಡನೆ ಎಂದು 2009ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಅವರಲ್ಲಿ ಒಬ್ಬ ಘಟನೆಯ ಹೊತ್ತಿಗೆ ಇನ್ನೂ ಬಾಲಕ. ಹದಿನಾರು ವರ್ಷ ಜೈಲಿನಲ್ಲಿ ಕಳೆದ ಮೇಲೆ ಅದೇ ಕೋರ್ಟು ತನ್ನ ತೀರ್ಪನ್ನು ಮರುಪರಿಶೀಲಿಸಿ ಆರೂ ಜನರನ್ನು ಬಿಟ್ಟಿತು. ತಲಾ 5 ಲಕ್ಷ ಪರಿಹಾರ ಕೊಡಿ, ತನಿಖೆ ಕೆಡಿಸಿದ ಅಧಿಕಾರಿಗಳ ಮೇಲೆ ಕ್ರಮ ಕೈಗೊಳ್ಳಿ ಎಂದಿತು. ಎದುರಿಗಿದ್ದ ಸಾಕ್ಷಿಯ ಮಾತಿಗಿಂತ ಯಾವ ಜನ ಇಂಥದ್ದನ್ನು ಮಾಡುತ್ತಾರೆ ಎಂಬ ಹಳೆಯ ತಿಳಿವಳಿಕೆಯೇ ತನಿಖಾಧಿಕಾರಿಗೆ ದೊಡ್ಡದಾಯಿತೇ ಎಂದು ಕೇಳದಿರಲಾಗುವುದಿಲ್ಲ.

ಆ ತಿಳಿವಳಿಕೆ ಖಾಕಿ ಉಟ್ಟವರಲ್ಲಷ್ಟೇ ಇಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾ ಎಂಬಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಗಾಳಿಸುದ್ದಿಗೆ ಜನ ಐವರನ್ನು ಬಡಿದು ಕೊಂದರು. ಸತ್ತವರು ಭಿಕ್ಷೆಗೆ ಹೋಗಿದ್ದ ನಾಥಪಂಥಿ ಡವರಿ ಗೋಸಾವಿಗಳು, ನಮ್ಮ ಮಂಗಳವೇಢೆ ಕಡೆಯವರು.

ಸೊಲ್ಲಾಪುರದವರೇ ಆದ, ಗೋಂಧಳಿ ಕುಲದ ಬಾಳಕೃಷ್ಣ ರೇಣಕೆಯವರ ಆಯೋಗ 2008ರಲ್ಲಿ ಕೇಂದ್ರಕ್ಕೆ ವರದಿ ಕೊಟ್ಟಿತು. ದೇಶದಲ್ಲಿ ವಿಮುಕ್ತ ಮತ್ತು ಅಲೆಮಾರಿ ಜನ ಸುಮಾರು 10.74 ಕೋಟಿ ಎಂದು ಅಂದಾಜು ಮಾಡಿ, ರೂಢಿಗತ ಅಪರಾಧಿಗಳ ಕಾಯ್ದೆಯನ್ನು ತೆಗೆದುಹಾಕಿ ಎಂದು ಕೇಳಿತು. 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಅರ್ಜಿಯ ಮೇಲೆ, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಬುಡಕಟ್ಟಿನವರನ್ನು ಹುಟ್ಟು ಅಪರಾಧಿಗಳೆಂದು ಕಾಣುವ ನಿಯಮಗಳನ್ನು ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿತು. ಕಾಯ್ದೆ ಸತ್ತು ಎಪ್ಪತ್ತೆರಡು ವರ್ಷದ ಮೇಲೂ ಜೈಲಿನ ಕೈಪಿಡಿಗಳಲ್ಲಿ ಅದರ ಸಾಲುಗಳು ಉಸಿರಾಡುತ್ತಿದ್ದವು ಎಂದಾಯಿತು.

ಅಕ್ಕಲಕೋಟೆಯ ಗಡಿಯಲ್ಲಿ ಇನ್ನೊಂದು ತೊಡಕಿದೆ. ಕೊರಮರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಅವರ ನೆಂಟ ಕೈಕಾಡಿಗಳು ವಿದರ್ಭದಲ್ಲಿ ಪರಿಶಿಷ್ಟ ಜಾತಿ, ಸೊಲ್ಲಾಪುರದ ಕಡೆ ವಿಮುಕ್ತ ಜಾತಿ. ಆಳಂದದ ತಂಗಿಗೂ ಅಕ್ಕಲಕೋಟೆಯ ಅಕ್ಕನಿಗೂ ಸರ್ಕಾರದ ಲೆಕ್ಕದಲ್ಲಿ ಬೇರೆ ಬೇರೆ ಕೋಣೆ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯ ಪ್ರಮಾಣಪತ್ರ ಬೇಕೆಂದರೆ 1961ರ ನವೆಂಬರ್ 21ಕ್ಕಿಂತ ಮೊದಲಿನಿಂದ ಮನೆತನ ಈ ರಾಜ್ಯದಲ್ಲಿ ಇತ್ತೆಂದು ಕಾಗದ ತೋರಿಸಬೇಕು. ಅಜ್ಜ ಸೆಟಲ್‌ಮೆಂಟಿನ ಶಾಲೆಯಲ್ಲಿ ಓದಿದ್ದರೆ ಅಲ್ಲಿನ ದಾಖಲಾತಿ ಪುಸ್ತಕದ ಒಂದು ಸಾಲು ಮೊಮ್ಮಗಳ ಕಾಲೇಜು ಸೀಟಿಗೆ ಉಪಯೋಗಕ್ಕೆ ಬಂದೀತು. ಹಾಜರಿ ತಪ್ಪಿಸಿ, ತಂತಿಯ ಕೈಗೆ ಸಿಗದೆ ಭೀಮೆಯ ಆಚೆ ಈಚೆ ಅಲೆದ ಅಜ್ಜನ ಮೊಮ್ಮಗಳು ಯಾವ ಕಾಗದ ತಂದಾಳು ಎಂಬುದಕ್ಕೆ ತಹಸೀಲ್ದಾರ ಕಚೇರಿಯಲ್ಲಿ ಉತ್ತರವಿಲ್ಲ, ಮುಂದಿನ ವಾರ ಬಾ ಎನ್ನುತ್ತಾರೆ.